ಮಾತು ಕಲಿತು ಬಂದ ಗೊಂಬೆ

ನಾವು ಸಣ್ಣವರಿದ್ದಾಗ ಆಡಿದ ಆಟಿಕೆಗಳನ್ನೇ ಹೊಸ ಪೆಟ್ಟಿಗೆಯಲ್ಲಿಟ್ಟು, ಈಗ ಅಪ್ಪಂದಿರಾದ ನಮಗೇ ಮಾರುವ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿದ್ದೂ ಕೊಂಡೆ. ಗೋಕಾಕದ ಅಂಗಡಿಯೊಂದರ ಗಾಜಿನಾಚೆ ಅಕ್ಕನ ಗೊಂಬೆ ಕುಳಿತಿತ್ತು. ಅದೇ ಕೆಂಪು ಫ್ರಾಕು, ಅದೇ ಗುಂಗುರು ಕೂದಲು. ಮಲಗಿಸಿದರೆ ಕಣ್ಣು ಮುಚ್ಚುವುದೂ ಹಾಗೆಯೇ.

"ಈಗಿಂದು ಮಾತಾಡತೈತ್ರಿ ಸರ. ನೀವು ಏನಂತೀರಿ, ಅದನ್ನ ಸಣ್ಣ ಹುಡುಗಿ ದನಿಯಾಗ ಹೊಳ್ಳಿ ಅಂತೈತಿ," ಎಂದ ಅಂಗಡಿಯವನು.

ಅಕ್ಕನದು ಮೂಕ ಗೊಂಬೆ. ಅಪ್ಪ ಸಂಕೇಶ್ವರದಿಂದ ತಂದದ್ದು. ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಅದಕ್ಕೆ ದಿನಾ ಕನ್ಯೆ ನೋಡುವ ಶಾಸ್ತ್ರ. ನಾನು ಹುಕ್ಕೇರಿಯಿಂದ ಬಂದ ಬೀಗ. ಅಪ್ಪನ ಟೋಪಿ ನನ್ನ ಮೂಗಿನವರೆಗೂ ಇಳಿಯುತ್ತಿತ್ತು. "ಅಡಗಿ ಮಾಡಾಕ ಬರತೈತೇನವಾ?" ಎಂದು ನಾನು ಗತ್ತಿನಿಂದ ಕೇಳಿದರೆ, ಅಕ್ಕ ಗೊಂಬೆಯ ಹಿಂದೆ ಮುಖ ಮರೆಸಿಕೊಂಡು ಸಣ್ಣ ದನಿ ತೆಗೆದು, "ನಿಮ್ಮ ಮಗಗ ನೀರು ಸೇದಾಕ ಬರತೈತೇನ್ರಿ?" ಎನ್ನುವಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ನಕ್ಕು ನಕ್ಕು ಕೆಮ್ಮುವಳು.

ಕಾಮಾಲೆ ಅಕ್ಕನನ್ನು ಶಾಲೆ ಬಿಡಿಸಿತು, ಹಾಸಿಗೆ ಹಿಡಿಸಿತು, ಕಡೆಗೆ ಒಯ್ದೇ ಬಿಟ್ಟಿತು. ಗೊಂಬೆಯನ್ನೂ ಅವಳ ಮಗ್ಗುಲಲ್ಲೇ ಇಟ್ಟು ಮಣ್ಣು ಮಾಡಿದರು. ಆಗ ನಮ್ಮಂಥವರ ಮನೆಯಲ್ಲಿ ಮೊಬೈಲು ಎಲ್ಲಿತ್ತು? ಒಂದು ಫೋಟೊ ಉಳಿಯಿತು, ದನಿ ಉಳಿಯಲಿಲ್ಲ. ಈಗ ನಮ್ಮ ಜೊತೆಗೇ ಗೋಕಾಕದಲ್ಲಿರುವ ಅವ್ವ ಒಮ್ಮೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಾಳೆ: "ಅಕಿ ದನಿ ಹ್ಯಾಂಗಿತ್ತೋ? ಮಾರಿ ಕಣ್ಣಮುಂದ ಐತಿ, ದನಿ ಮಾತ್ರ ನೆನಪಿಗೆ ಬರವಲ್ದು. ಒಂದ ಸಲರೆ ಕೇಳಬೇಕಂತ ಜೀವ ಬಡಕೋತೈತಿ." ನಾನು ಏನಾದರೂ ಹೇಳಿ ಮಾತು ಮರೆಸುತ್ತೇನೆ. ನನ್ನ ಹಣೆಬರಹ, ನನಗೂ ನೆನಪಿಲ್ಲ.

ಗೊಂಬೆ ತಂದದ್ದು ಮಗಳಿಗೆ. ಅವಳು ಅದರ ಮುಂದೆ ಕಾಗೆಯಂತೆ ಕೂಗಿದಳು, ನಾಯಿಯಂತೆ ಬೊಗಳಿದಳು, ತನ್ನ ಟೀಚರಂತೆ ಗದರಿದಳು. ಅದು ಎಲ್ಲವನ್ನೂ ಮರಳಿ ಒಪ್ಪಿಸಿತು. ಅವ್ವ ಗೋಡೆಗೊರಗಿ ನೋಡುತ್ತಿದ್ದಳು. ಗುರುತು ಹಿಡಿದಳೇನೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ತರಬಾರದಿತ್ತು ಎನ್ನಿಸಿತು.

"ಇತ್ತಾಗ ಕೊಡವಾ," ಎಂದು ಅವ್ವ ಮೊಮ್ಮಗಳ ಕೈಯಿಂದ ಅದನ್ನು ಇಸಿದುಕೊಂಡಳು. ಫ್ರಾಕಿನ ಅಂಚು ಜಗ್ಗಿ ಗೊಂಬೆಯ ಮೊಣಕಾಲು ಮುಚ್ಚಿದಳು. ಮನೆಗೆ ಬಂದವರನ್ನೆಲ್ಲ ಕೇಳುವ ಹಾಗೆಯೇ ಕೇಳಿದಳು:

"ಊಟಾ ಆತೇನವಾ?"

"ಊಟಾ ಆತೇನವಾ?" ಎಂದಿತು ಗೊಂಬೆ, ಸಣ್ಣ ಹುಡುಗಿಯ ದನಿಯಲ್ಲಿ.

ಮಗಳು ಚಪ್ಪಾಳೆ ತಟ್ಟಿ ನಕ್ಕಳು. ಅದು ಅಕ್ಕನ ದನಿ ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಅಲ್ಲ ಎನ್ನಲಿಕ್ಕಾದರೂ ನನಗೇನು ಗೊತ್ತಿತ್ತು?

ಅವ್ವ ಗೊಂಬೆಯನ್ನು ಎದೆಗವಚಿಕೊಂಡಳು.

"ಇನ್ನಾ ಇಲ್ಲವಾ," ಎಂದಳು. "ನಿನ್ನ ಹಾದೀನ ಕಾಯಾಕತ್ತೇನಿ."