ಎಂಟು ದಿನದ ಕೀಲಿಕೈ

ಖರ್ಜೂರ ಕುದಿಯುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಬೆಲ್ಲದ ಪಾಕದಷ್ಟು ಚುರುಕಲ್ಲ. ಮೊದಲು ಹಿತವಾಗಿ, ಆಮೇಲೆ ತುಸು ಸುಟ್ಟಂತೆ, ಗಂಟಲಿಗೇ ಅಂಟಿಕೊಳ್ಳುವ ವಾಸನೆ ಅದು. ಎಲ್ಲಾದರೂ ಮೂಗಿಗೆ ತಾಗಿದರೆ ಸಾಕು, ಪುಣೆಯ ಲಷ್ಕರಿನ ನಮ್ಮ ಅಂಗಳ ಎದುರು ಬಂದು ನಿಲ್ಲುತ್ತದೆ: ಒಂದು ಬೇವಿನ ಮರ, ನಡುವೆ ನಳ, ಸುತ್ತ ಮೂರು ಮನೆ. ಒಂದರಲ್ಲಿ ಧಾರವಾಡದಿಂದ ಬಂದು ಮಿಲಿಟರಿ ಕಚೇರಿಯಲ್ಲಿ ಕಾರಕೂನರಾಗಿದ್ದ ಅಪ್ಪ, ಅವ್ವ ಮತ್ತು ನಾನು. ಎದುರು ಮನೆಯಲ್ಲಿ ರಾಹೇಲಬಾಯಿ. ಬಗದಾದಿನಿಂದ ಮದುವೆಯಾಗಿ ಬಂದು, ಇಲ್ಲೇ ಗಂಡನನ್ನು ಕಳೆದುಕೊಂಡು, ಹೊಲಿಗೆ ಮಾಡಿ ಬದುಕುತ್ತಿದ್ದ ಯಹೂದಿ ಹೆಂಗಸು. ಹಿಂದಿನ ಲಾಯಕ್ಕೆ ಹತ್ತಿದ ಮನೆಯಲ್ಲಿ ಯೂಸುಫ್ ಸಾಹೇಬರು, ಹಡಗಿನಲ್ಲಿ ಕುದುರೆ ತರಿಸಿ ರೇಸಿನವರಿಗೆ ಮಾರುವ ಅರಬ ವ್ಯಾಪಾರಿ. ಅವರ ಊರೂ ಬಗದಾದೇ. ಸಂಜೆ ನಳದ ಹತ್ತಿರ ಇಬ್ಬರೂ ತಮ್ಮ ಅರಬಿಯಲ್ಲಿ ಮಾತಿಗೆ ನಿಂತರೆ ಒಲೆಯ ಮೇಲಿನದು ಸೀದು ಹೋದರೂ ರಾಹೇಲಬಾಯಿಗೆ ಎಚ್ಚರವಿರುತ್ತಿರಲಿಲ್ಲ. ನಮಗ್ಯಾರಿಗೂ ಒಂದಕ್ಷರ ತಿಳಿಯದ ಆ ಮಾತಿನಲ್ಲಿ ಅವರು ತಮ್ಮ ಊರಿನ ಹೊಳೆ, ಹೊಳೆಯ ಮೀನು, ಓಣಿಯ ಮುದುಕಿಯರು ಎಲ್ಲವನ್ನೂ ದಿನವೂ ಒಂದು ಸುತ್ತು ನೋಡಿ ಬರುತ್ತಿದ್ದರಂತೆ.

ಬೇಸಿಗೆ ಶುರುವಾಗುವ ಹೊತ್ತಿಗೆ ರಾಹೇಲಬಾಯಿ ತಾಮ್ರದ ಪಾತ್ರೆಯಲ್ಲಿ ಖರ್ಜೂರ ಕುದಿಯಲು ಇಟ್ಟರೆ ಅವರ ಹಬ್ಬ ಬಂತೆಂದು ಅರ್ಥ. ಆ ಹಬ್ಬದ ಎಂಟು ದಿನ ಹುಳಿ ಬಂದ ಹಿಟ್ಟಿನ ರೊಟ್ಟಿ ತಿನ್ನುವಂತಿಲ್ಲ. ಅಷ್ಟೇ ಅಲ್ಲ, ಅಂಥ ಯಾವ ವಸ್ತುವೂ ತಮ್ಮದು ಅಂತ ಇರಲೇಕೂಡದು. ಹಾಗಂತ ಮನೆಯ ದಿನಸಿಯನ್ನೆಲ್ಲ ಚೆಲ್ಲಲಾಗುತ್ತದೆಯೆ? ಎಲ್ಲ ಒಂದು ಮರದ ಕಪಾಟಿಗೆ ತುಂಬಿ, ಬೀಗ ಜಡಿದು, ಕಪಾಟು ಇದ್ದಲ್ಲೇ ಬೇರೆ ಧರ್ಮದವರಿಗೆ ಮಾರಿ ಕೀಲಿಕೈ ಕೊಟ್ಟುಬಿಡುವುದು, ಹಬ್ಬ ಮುಗಿದ ಮೇಲೆ ತಿರುಗಿ ಕೊಳ್ಳುವುದು. ಕೊಳ್ಳುವವರು ವರ್ಷವೂ ಯೂಸುಫ್ ಸಾಹೇಬರೇ. ತಲೆಗೆ ಹಬ್ಬದ ರುಮಾಲು ಸುತ್ತಿಕೊಂಡು ಬಂದು, ಒಂದಾಣೆ ಕೊಟ್ಟು, ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ತಿರುಗಿ ಮಾರುವುದಿಲ್ಲ ಅಂದರೆ ಏನು ಮಾಡುತ್ತೀರಿ ಎಂದು ವರ್ಷವೂ ಕೇಳುತ್ತಿದ್ದರು, ವರ್ಷವೂ ನಾವೆಲ್ಲ ನಗುತ್ತಿದ್ದೆವು. ಎಂಟನೆಯ ಸಂಜೆ ಚಿಕ್ಕೆ ಕಂಡ ಮೇಲೆ ಬಿಸಿ ರೊಟ್ಟಿ, ಹಾಲು, ಒಂದು ಕಟ್ಟು ಪುದೀನ ಇಟ್ಟ ತಟ್ಟೆಯಲ್ಲಿ ಕೀಲಿಕೈ ತಿರುಗಿ ಬರುತ್ತಿತ್ತು. ಹಬ್ಬ ಕಳೆದು ರಾಹೇಲಬಾಯಿ ತಿನ್ನುವ ಮೊದಲ ರೊಟ್ಟಿ ಸಾಹೇಬರ ಕೈಯದು.

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಬಗದಾದಿನಲ್ಲಿ ಗಲಭೆಯಾಯಿತು. ಊರಿನ ಅರಬರೇ ಗುಂಪುಗಟ್ಟಿ ಯಹೂದಿಗಳ ಓಣಿಗಳಿಗೆ ನುಗ್ಗಿ ಕೊಂದರಂತೆ. ರಾಹೇಲಬಾಯಿಯ ಒಬ್ಬನೇ ತಮ್ಮ ತನ್ನ ಹೊಸ್ತಿಲಲ್ಲೇ ಹೋದ. ಸುದ್ದಿ ಬಂದದ್ದು ಎಷ್ಟೋ ತಡವಾಗಿ, ಮುಂಬಯಿಯ ನೆಂಟರ ಕಾಗದದಲ್ಲಿ. ಯೂಸುಫ್ ಸಾಹೇಬರು ಕೇಳಿದವರೇ ಬರಿಗಾಲಲ್ಲಿ ಓಡಿ ಬಂದರು. ಬಾಗಿಲು ತೆರೆಯಲಿಲ್ಲ. ಮೂರು ದಿನ ಬಂದು ನಿಂತರು, ಮೂರು ದಿನವೂ ತೆರೆಯಲಿಲ್ಲ. ಆ ಮನುಷ್ಯ ಮಾಡಿದ್ದಾದರೂ ಏನು? ಅವತ್ತೂ ಇಲ್ಲಿ ಪುಣೆಯಲ್ಲಿ ಕುದುರೆಗೆ ಹುಲ್ಲು ಹಾಕಿಕೊಂಡಿದ್ದರು. ಅದು ರಾಹೇಲಬಾಯಿಗೂ ಗೊತ್ತಿತ್ತು. ಗೊತ್ತಿದ್ದೂ ನಳಕ್ಕೆ ಬರುವ ಹೊತ್ತು ಬದಲಿಸಿಕೊಂಡರು.

ನನ್ನ ಅವ್ವನಿಗೊಂದು ಚಟವಿತ್ತು. ಸುತ್ತಮುತ್ತ ಯಾರಾದರೂ ಇಬ್ಬರು ಮಾತು ಬಿಟ್ಟರೆ ಇವಳಿಗೆ ಊಟ ಸೇರುತ್ತಿರಲಿಲ್ಲ. ಧಾರವಾಡದ ಕಡೆ ಮುನಿಸಿಕೊಂಡ ಎಷ್ಟೋ ಅಣ್ಣತಮ್ಮಂದಿರನ್ನು ಮದುವೆ ಮನೆಯ ಒಂದೇ ಪಂಕ್ತಿಯಲ್ಲಿ ಕೂಡಿಸಿ, ಅಳಿಸಿ, ಒಂದು ಮಾಡಿದ್ದಳು. ಅದರ ಜಂಬವೂ ಇತ್ತು. ಆ ವರ್ಷವಿಡೀ ಎರಡು ಬಾಗಿಲಿಗೂ ಅಲೆದಳು. “ವೈಸರಾಯರಿಗೆ ಬರದು ಹಾಕ್ಲೇನು, ಯುದ್ಧ ನಿಲ್ಲಸ್ಲಿಕ್ಕೆ ನಿನ್ನ ಕರಸ್ಕೋತಾರ” ಎಂದು ಅಪ್ಪ ಚೇಷ್ಟೆ ಮಾಡಿದರು. ಅವಳಿಗೆ ನಗು ಬರಲಿಲ್ಲ. ರಾಹೇಲಬಾಯಿ ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ. ಸಾಹೇಬರ ಮನೆಯಲ್ಲಿ, ಅವರು ಇವತ್ತು ಊಟ ಮಾಡಿದರೇ ಎಂಬ ಒಂದೇ ಪ್ರಶ್ನೆ.

ಮರುವರ್ಷ ಮತ್ತೆ ಖರ್ಜೂರ ಕುದಿಯಿತು. ರಾಹೇಲಬಾಯಿ ಕೀಲಿಕೈ ತಂದು ಅವ್ವನ ಮುಂದೆ ಹಿಡಿದು, ಈ ಸಲ ಕಪಾಟು ನೀವೇ ಕೊಳ್ಳಿ ಎಂದರು. ಅವ್ವ ಕೊಂಡಳು. ಅವರು ಒಳಗೆ ಹೋದದ್ದೇ ತಡ, ಕೀಲಿಕೈ ಸೆರಗಿನಲ್ಲಿ ಮುಚ್ಚಿಕೊಂಡು ಲಾಯಕ್ಕೆ ನಡೆದಳು, ನಾನೂ ಜೊತೆಗಿದ್ದೆ. ಅವಳ ಎಣಿಕೆ ಇಷ್ಟೇ. ಎಂಟನೆಯ ಸಂಜೆ ಎಂದಿನಂತೆ ಸಾಹೇಬರೇ ತಟ್ಟೆ ಹಿಡಿದು ಹೋಗಲಿ. ರಾಹೇಲಬಾಯಿ ಬಾಗಿಲು ತೆರೆಯಲೇಬೇಕು, ಮುಖ ನೋಡಲೇಬೇಕು, ನೋಡಿದರೆ ಅತ್ತುಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಸಾಹೇಬರು ಒಪ್ಪಲಿಲ್ಲ. ನನಗೆ ಮಾರಿದ್ದಲ್ಲ, ಇಟ್ಟುಕೊಂಡರೆ ಕಳವು ಎಂದರು. ಅವ್ವ ಬಿಡಲಿಲ್ಲ. ಕೊನೆಗೆ ಕೈ ಚಾಚಿದರು. ಈ ಸಲ ಕೀಲಿಕೈಯನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಅವ್ವ ನಮ್ಮ ಮದುವೆ ಮನೆಯ ಮುನಿಸಿನ ಅಳತೆಯಲ್ಲಿ ಆ ದುಃಖವನ್ನು ಅಳೆದಿದ್ದಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅವಳನ್ನು ನೆನೆದರೆ ಅಳುವೂ ಬರುತ್ತದೆ.

ಎಂಟನೆಯ ಸಂಜೆ ಸಾಹೇಬರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಅರಬಿಯಲ್ಲಿ ಮೆಲ್ಲಗೆ ಏನೋ ಅಂದರು. ವರ್ಷವೂ ಹೇಳುತ್ತಿದ್ದ ಹಾರೈಕೆಯೇ ಇರಬೇಕು. ಬಾಗಿಲು ತೆರೆಯಿತು. ರಾಹೇಲಬಾಯಿ ತಟ್ಟೆ ನೋಡಿದರು, ಕೀಲಿಕೈ ನೋಡಿದರು, ಹಿಂದೆ ನಿಂತ ಅವ್ವನನ್ನು ನೋಡಿದರು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಆಮೇಲೆ ನಮಗೂ ತಿಳಿಯುವ ಹಿಂದುಸ್ತಾನಿಯಲ್ಲಿ ಹೇಳಿದರು.

“ನಿಮ್ಮ ಮೇಲೆ ಸಿಟ್ಟಿಲ್ಲ ಯೂಸುಫ್ ಭಾಯಿ. ಆದರೆ ನನ್ನ ತಮ್ಮ ಕೊನೆಗೆ ಕೇಳಿದ್ದು ಇದೇ ಅರಬಿ ಮಾತು. ನೀವು ಬಾಯಿ ತೆರೆದರೆ ನನಗೆ ಅವನ ಬಾಗಿಲು ಒಡೆಯುವ ಸದ್ದು ಕೇಳುತ್ತದೆ.”

ಅವ್ವನಿಗೆ ಹೇಳಿದ್ದು, ನಿಮ್ಮನ್ನು ನಂಬಿ ಕೊಟ್ಟಿದ್ದೆ ಎಂದಷ್ಟೇ. ಕೀಲಿಕೈ ತೆಗೆದುಕೊಳ್ಳಲಿಲ್ಲ. ಕಪಾಟನ್ನು ತಿರುಗಿ ಕೊಳ್ಳಲೂ ಇಲ್ಲ. ಅದು ಮಾರಿದವರದಲ್ಲ, ಕೊಂಡ ಅವ್ವ ಮುಟ್ಟಲಾರಳು, ಸಾಹೇಬರು ತಮ್ಮದೆನ್ನಲಾರರು. ಬೀಗ ಹಾಕಿದಂತೆಯೇ ಉಳಿದು ಒಳಗಿನ ಹಿಟ್ಟಿಗೆ ಹುಳ ಬಿತ್ತು.

ಮರುದಿನದಿಂದ ಯೂಸುಫ್ ಸಾಹೇಬರು ಅಂಗಳದಲ್ಲಿ ಅರಬಿ ಆಡಲಿಲ್ಲ. ನಮಾಜನ್ನು ಬಾಗಿಲು ಹಾಕಿಕೊಂಡು, ತುಟಿಯಲ್ಲೇ ಮಾಡಿದರು. ಹಡಗು ನಿಂತು ವ್ಯಾಪಾರ ಬಿದ್ದು, ಲಾಯದಲ್ಲಿ ಒಂದು ಮುದಿ ಹೆಣ್ಣುಕುದುರೆ ಉಳಿದಿತ್ತು. ಅದನ್ನೂ ಹಿಂದುಸ್ತಾನಿಯಲ್ಲಿ ಕರೆಯತೊಡಗಿದರು. ಅದು ಕಿವಿ ನೆಟ್ಟಗೆ ಮಾಡಿ, ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ನಿಂತೇ ಇರುತ್ತಿತ್ತು. ಹತ್ತಿರ ಹೋಗಿ ಹಗ್ಗ ಹಿಡಿದು ಕರೆತರಬೇಕಿತ್ತು. ಒಮ್ಮೆ ರಾಹೇಲಬಾಯಿ ಕಿಟಕಿಯಲ್ಲಿ ನಿಂತು ಇದನ್ನು ನೋಡುತ್ತಿದ್ದದ್ದನ್ನು ನಾನು ಕಂಡೆ. ಬಹಳ ಹೊತ್ತು ನಿಂತಿದ್ದರು. ಹೊರಗೆ ಬರಲಿಲ್ಲ. ಅಂಥ ಅಂಗಳದಲ್ಲಿ ಬೆಳೆದವರಿಗೆ ಗೊತ್ತು, ಮೂರು ಮನೆ ಸುಮ್ಮನಾದರೆ ನಳದ ನೀರು ಬೀಳುವುದೂ ಜೋರಾಗಿ ಕೇಳಿಸುತ್ತದೆ.

ಆ ವರ್ಷ ಕಳೆದು ಮಳೆ ಹಿಡಿಯುವ ಮೊದಲು ರಾಹೇಲಬಾಯಿ ಮುಂಬಯಿಗೆ ಹೋದರು, ಅಲ್ಲಿಂದ ಎಲ್ಲಿಗೋ. ಟಾಂಗಾ ಮರೆಯಾದ ಮೇಲೆ ಅವ್ವ ಲಾಯದ ಹತ್ತಿರ ಹೋಗಿ ನಿಂತಳು. ವರ್ಷದಿಂದ ಅವಳಿಗೆ ಸಾಹೇಬರ ಮುಖ ನೋಡುವ ಧೈರ್ಯ ಬಂದಿರಲಿಲ್ಲ. ತನ್ನ ಹರಕು ಹಿಂದುಸ್ತಾನಿಯಲ್ಲಿ ಅವಳು ಹೇಳಿದ್ದನ್ನು ಅವಳದೇ ಧಾರವಾಡದ ಮಾತಿನಲ್ಲಿ ಬರೆಯುತ್ತೇನೆ.

“ಇನ್ನರ ನಿಮ್ಮ ಮಾತು ಆಡ್ರಿ ಸಾಹೇಬ್ರ. ಕೇಳಿ ನೋಯೋರು ಯಾರೂ ಉಳದಿಲ್ಲ.”

ಸಾಹೇಬರು ಕುದುರೆಯ ಕತ್ತು ಸವರುತ್ತಿದ್ದರು. ತಿರುಗಿ ನೋಡಲಿಲ್ಲ.

“ಆಡಲಿಕ್ಕೂ ಅವರೊಬ್ಬರೇ ಇದ್ದರು, ಬೆಹೆನ್” ಎಂದರು.