ಅರ್ಧ ಹೆಜ್ಜೆ ಹಿಂದೆ ನಿಂತ ಅಕ್ಕ

ಕಳೆದ ಶನಿವಾರ ಬೆಳಿಗ್ಗೆ ನಾನು ನಮ್ಮ ಮನೆಯ ಕಾಂಪೌಂಡ್ ಗೋಡೆಯದ್ದೇ ನಲವತ್ತು ಫೋಟೋ ತೆಗೆದೆ. ನಲವತ್ತೊಂದನೆಯದಕ್ಕೆ ಬಗ್ಗಿದ್ದಾಗ ಹೆಂಡತಿ ಚಹಾ ಹಿಡಿದು ಹೊರಗೆ ಬಂದಳು.

"ಏನ್ರಿ, ಗ್ವಾಡಿಗೆ ವರ ನೋಡಾಕತ್ತೀರೇನು?"

ಹೊಸ ಲೆನ್ಸ್ ಕೈಗೆ ಸಿಕ್ಕವರೆಲ್ಲ ಇದನ್ನೇ ಮಾಡುತ್ತಾರೆ. ಮೊದಲು ಇಟ್ಟಿಗೆ ಗೋಡೆಯ ಫೋಟೋ. ಆಮೇಲೆ ಮೂಲೆಯ ಇಟ್ಟಿಗೆ ಚೂಪಾಗಿ ಬಂತೋ ಇಲ್ಲವೋ ಅಂತ ಹಿಗ್ಗಿಸಿ ಹಿಗ್ಗಿಸಿ ನೋಡುವುದು. (ಮೂಲೆಯ ಇಟ್ಟಿಗೆ ಯಾರಿಗೆ ಬೇಕಾಗಿದೆ ಅಂತ ಯೂಟ್ಯೂಬ್‌ನ ಯಾವ ಪಂಡಿತನೂ ಹೇಳುವುದಿಲ್ಲ.)

ಲೆನ್ಸ್ ನನ್ನದಲ್ಲ. ಲಿಂಗಸುಗೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಖಾಜಾನದು. 85 ಎಂಎಂ, 1.4 ಅಪರ್ಚರ್, ಅಂದರೆ ಬೆಳಕು ನುಗ್ಗುವ ಕಿಂಡಿ ಬಲು ದೊಡ್ಡದು. ಜೂಮ್ ಇಲ್ಲ, ಬೇಕಾದರೆ ನೀವೇ ಹಿಂದೆ ಮುಂದೆ ನಡೆಯಬೇಕು. ಮುಖದ ಫೋಟೋ ತೆಗೆಯಲೆಂದೇ ಹುಟ್ಟಿದ ಲೆನ್ಸ್. ನನ್ನ ಮಿರರ್‌ಲೆಸ್ ಕ್ಯಾಮೆರಾದ ಮೇಲೆ ಲಕ್ಷಣವಾಗಿ ಕೂರುತ್ತದೆ.

"ಮೂರು ದಿನ ಇಟ್ಕೊಂಡು ನೋಡಲೇ. ದಿಲ್‌ಗೆ ಬಂದ್ರ ರೊಕ್ಕ ಕೊಡು, ನಿಂದು. ಇಲ್ಲಾಂದ್ರ ಸೋಮವಾರ ಮಧ್ಯಾಹ್ನದೊಳಗ ತಂದುಕೊಡು, ಇನ್ನೊಬ್ಬಾವ ಕಾಯಾಕತ್ತಾನ," ಅಂದಿದ್ದ ಖಾಜಾ.

ಮೂರೇ ದಿನ. ಕಾಲು ಸುಟ್ಟ ಬೆಕ್ಕಿನಂತೆ ನಮ್ಮ ಸಿಂಧನೂರೆಲ್ಲ ಸುತ್ತಿದೆ. ದಢೇಸುಗೂರಿನ ಕಾಲುವೆ ಮೇಲೆ ನಿಂತು ಭತ್ತದ ತೆನೆ ತೆಗೆದೆ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಮೀನು ಮಾರುವಾಕೆಯ ಕೈ ತೆಗೆದೆ. ಹಿನ್ನೆಲೆ ಬೆಣ್ಣೆ ಕರಗಿದಂತೆ ಕರಗುತ್ತಿತ್ತು. ಆದರೂ ಸಮಾಧಾನವಿಲ್ಲ. ಒಬ್ಬ ರಿವ್ಯೂದವನು ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಾನೆ, ಇನ್ನೊಬ್ಬ ಬಣ್ಣ ತಣ್ಣಗಿದೆ ಅನ್ನುತ್ತಾನೆ. ತಣ್ಣಗಿನ ಬಣ್ಣ ಅಂದರೇನು, ಅದನ್ನು ಮುಟ್ಟಿ ನೋಡಿದವರುಂಟೇ?

ಭಾನುವಾರ ಮಸ್ಕಿಗೆ, ಅಕ್ಕನ ಮನೆಗೆ ಹೋದೆ. ಅಕ್ಕ-ಬಾವನ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿದೆ. ಹಾಲ್‌ನಲ್ಲಿ ಹಾಕಲು ಇಬ್ಬರದೂ ಒಂದು ಫೋಟೋ ಬೇಕು ಅಂತ ಅಕ್ಕ ಎಷ್ಟೋ ದಿನದಿಂದ ಹೇಳುತ್ತಿದ್ದಳು. ಅಕ್ಕ ತಾನಾಗಿ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿರುವುದು ಇದೊಂದೇ. ಅವಳ ಮದುವೆ ಆಲ್ಬಮ್ಮಿನಲ್ಲಿ ಒಂದೇ ಒಂದು ಕಡೆಯೂ ಮುಖ ಕಾಣುವುದಿಲ್ಲ. ಎಲ್ಲದರಲ್ಲೂ ತಲೆ ತಗ್ಗಿಸಿದ್ದಾಳೆ.

ಬಾವನಿಗೆ ಬಟ್ಟೆ ಅಂಗಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದು ಹಾಲ್‌ನ ನಡುವೆ ನಿಂತರು. ಅಕ್ಕ ಹಸಿರು ಸೀರೆ ಉಟ್ಟು ಪಕ್ಕಕ್ಕೆ ಬಂದಳು. ಇಪ್ಪತ್ತು ಕ್ಲಿಕ್ ಮಾಡಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಬಾವನ ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ನಾನು ಕುಣಿಯುವುದೊಂದು ಬಾಕಿ.

ಅಕ್ಕ ಬಗ್ಗಿ ನೋಡಿದಳು. "ಇವರು ಭಾಳ ಚಂದ ಬಂದಾರ," ಅಂದು ಅಡಿಗೆ ಮನೆಗೆ ಹೋದಳು.

ಊರಿಗೆ ಬಂದು ಕಂಪ್ಯೂಟರ್‌ಗೆ ಹಾಕಿದಾಗ ಗೊತ್ತಾಯಿತು. ಇಪ್ಪತ್ತರಲ್ಲೂ ಅಕ್ಕ ಮಸುಕು. ಹಸಿರು ಸೀರೆ ಇದೆ, ಬೊಟ್ಟಿನ ಜಾಗದಲ್ಲೊಂದು ಕೆಂಪಿದೆ, ಅಕ್ಕ ಇಲ್ಲ.

ಲೆನ್ಸಿನ ತಪ್ಪಲ್ಲ. ಅಪರ್ಚರ್ ಪೂರ್ತಿ ತೆರೆದರೆ ನಾಲ್ಕು ಬೆರಳಿನಷ್ಟು ಆಳ ಮಾತ್ರ ಸ್ಪಷ್ಟ ಬರುತ್ತದೆ, ಉಳಿದದ್ದೆಲ್ಲ ಕರಗುತ್ತದೆ. ಅಕ್ಕ ಬಾವನ ಸರಿಸಮ ನಿಂತಿರಲಿಲ್ಲ. ಅರ್ಧ ಹೆಜ್ಜೆ ಹಿಂದೆ ನಿಂತಿದ್ದಳು. ನಮ್ಮ ಕಡೆ ಅವಳ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಜೊತೆ ನಿಲ್ಲುವುದೇ ಹಾಗೆ, ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಎಲ್ಲರೂ ಒಂದೇ ಸಮ ಸ್ಪಷ್ಟ ಬರುತ್ತಿದ್ದರಿಂದ ಈ ಅರ್ಧ ಹೆಜ್ಜೆ ನಮಗೆ ಕಾಣುತ್ತಲೇ ಇರಲಿಲ್ಲ.

ನನಗೆ ನಾಚಿಕೆಯಾಯಿತು. ಗೋಡೆಯ ಮೂಲೆಯ ಇಟ್ಟಿಗೆ ನೋಡಿದವನು ಅಕ್ಕನ ಮುಖ ನೋಡಿರಲಿಲ್ಲ. ಅವಳು ಆ ಪುಟ್ಟ ಪರದೆಯಲ್ಲೇ ತನ್ನ ಮಸುಕು ನೋಡಿದ್ದಳು, ನೋಡಿಯೇ ಬಾವನನ್ನು ಹೊಗಳಿ ಹೋಗಿದ್ದಳು.

ಖಾಜಾನ ಲಿಂಗಸುಗೂರಿನ ದಾರಿಯಲ್ಲೇ ಮಸ್ಕಿ. ಸೋಮವಾರ ಬೆಳಿಗ್ಗೆ ಬೈಕ್ ಹತ್ತಿದೆ. ಬಾವ ಅಂಗಡಿಗೆ ಹೊರಡುವ ಮುಂಚೆ ತಲುಪಬೇಕಿತ್ತು.

"ಅಕ್ಕ, ನಿಂದೊಂದು ಬ್ಯಾರೆ ತಗೀತೀನಿ, ಕುಂದ್ರು," ಅಂದೆ.

"ಒಬ್ಬಾಕೀದು ಯಾಕೋ? ಒಬ್ಬಾಕೀ ಫೋಟೋ ಇದ್ರ ಅದಕ್ಕ ಹಾರ ಹಾಕಿರ್ತಾರ."

"ಹಂಗಾದ್ರ ಬಾವನ ಸರೀಕ ನಿಂದ್ರು."

"ಅವರ ಸರೀಕ? ನೋಡಿದವರು ಏನಂದಾರು?"

ಅಪರ್ಚರ್ ಕಿಂಡಿಯನ್ನು ಎಂಟಕ್ಕೆ ಕಿರಿದು ಮಾಡಿ ಒಂದು ಫ್ಲ್ಯಾಶ್ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ಸ್ಪಷ್ಟ ಬರುತ್ತಿದ್ದರು, ಅರ್ಧ ಹೆಜ್ಜೆ ಹಾಗೇ ಉಳಿಯುತ್ತಿತ್ತು, ಯಾರಿಗೂ ಮುಜುಗರವಿಲ್ಲ. ಕೈ ಅಲ್ಲಿಗೆ ಹೋಗಿತ್ತು ಕೂಡ. ಯಾಕೋ ಮನಸ್ಸಾಗಲಿಲ್ಲ, ಹಟ ಬಂತು.

"ಬಾವ, ಆಕಿ ಮುಂದ ಬರಂಗಿಲ್ಲ. ನೀವಾ ಅರ್ಧ ಹೆಜ್ಜಿ ಹಿಂದ ಬರ್ರಿ."

ಬಾವ ಗಡಿಯಾರ ನೋಡಿ ಹಿಂದೆ ಸರಿದರು. ಅಕ್ಕನೂ ಸರಿದಳು. ಮತ್ತೆ ಸರಿಸಿದೆ. ಅಕ್ಕ ಮತ್ತೆ ಸರಿದಳು. (ಬೇಕಂತಲೇ ಅಲ್ಲ, ಕಾಲು ತಾನಾಗಿಯೇ ಹೋಗುತ್ತಿತ್ತು.) ಹೀಗೆ ಇಬ್ಬರೂ ಹಿಂದೆ ಹಿಂದೆ ಹೋಗಿ, ಕೊನೆಗೆ ಬಾವನ ಬೆನ್ನು ಮುಚ್ಚಿದ್ದ ಬಾಗಿಲಿಗೆ ತಾಗಿತು. ಅಕ್ಕ ತಿರುಗಿ ನೋಡಿದಳು. ಹಿಂದೆ ಜಾಗವೇ ಇರಲಿಲ್ಲ. ಸೆರಗು ಸರಿ ಮಾಡಿಕೊಂಡು ಬಾವನ ಭುಜಕ್ಕೆ ಭುಜ ಹಚ್ಚಿ ನಿಂತಳು.

ಪೂರ್ತಿ ತೆರೆದ ಅಪರ್ಚರ್‌ನಲ್ಲೇ ಕ್ಲಿಕ್ ಮಾಡಿದೆ. ಜನ ಈ ಲೆನ್ಸನ್ನು ಮುಗಿಬಿದ್ದು ಕೊಳ್ಳುವುದೇ ಆ ಮಸುಕು ಹಿನ್ನೆಲೆಗಾಗಿ. ಈ ಫೋಟೋದಲ್ಲಿ ಅದು ಚೂರೂ ಇಲ್ಲ. ಇಬ್ಬರ ಮುಖವಿದೆ, ಕದದ ಮೊಳೆಗಳಿವೆ.

ಬಾವ ಕ್ಯಾಮೆರಾ ಇಸಿದುಕೊಂಡರು. ಮೊದಲು ತಮ್ಮ ಮುಖ ಹಿಗ್ಗಿಸಿ ನೋಡಿದರು. ಆಮೇಲೆ ಬೆರಳು ಪಕ್ಕಕ್ಕೆ ಜಾರಿತು. ಬಹಳ ಹೊತ್ತು ನೋಡಿ ಅಕ್ಕನ ಕಡೆ ತಿರುಗಿದರು.

"ಹುಬ್ಬಿನ ಮ್ಯಾಲೆ ಇದೇನು ಗಾಯ? ಯಾವಾಗ ಮಾಡ್ಕೊಂಡಿ?"

ಅಕ್ಕ ನೆಲ ನೋಡುತ್ತ ಹೇಳಿದಳು: "ಸಣ್ಣಾಕಿದ್ದಾಗ ಕಾಲುವಿ ಮೆಟ್ಲಮ್ಯಾಗ ಬಿದ್ದಿದ್ದೆ ರೀ. ಮದುವಿಕ್ಕಿಂತ ಮದ್ಲಿಂದು."

ಅಂದಹಾಗೆ, ಬಾವನ ಕಣ್ಣಿಗೆ ಇನ್ನೂ ಕನ್ನಡಕ ಬೇಕಾಗಿಲ್ಲ.