ಭಂಡಾರ ಬಿದ್ದ ಲ್ಯಾಪ್‌ಟಾಪ್

ಇವತ್ತು ಬೆಳಿಗ್ಗೆ ಹೊಸ ಲ್ಯಾಪ್‌ಟಾಪ್ ಬಂತು! ಡಬ್ಬಿ ಬಿಚ್ಚಿದೊಡನೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ, ನನಗಂತೂ ಅರಿಶಿನ ನೆನಪಾಗುತ್ತದೆ. ಅದರ ಹಿಂದೆ ಸಿಟ್ಟು, ಸಿಟ್ಟಿನ ಹಿಂದೆ ನಾಚಿಕೆ.

ನಾನು ಅಕ್ಕಲಕೋಟದಲ್ಲಿ ಲಗ್ನಪತ್ರಿಕೆ ಮಾಡಿಕೊಡುವವಳು. ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದು ಮಗ್ಗುಲಿಗೆ ಕನ್ನಡ. ಕನ್ನಡದ ಕಡೆ ಓದುವವರು ಕಡಿಮೆ, ತಪ್ಪು ಹುಡುಕುವವರು ಬಹಳ. ಹಿಂದಿನ ಲ್ಯಾಪ್‌ಟಾಪನ್ನು ಸೊಲ್ಲಾಪುರದಿಂದ ತಂದಾಗ ಅದು ಬಡಿದ ರೊಟ್ಟಿಯ ಹಾಗೆ ತೆಳ್ಳಗಿತ್ತು. ಆ ತೆಳುವಿಗೇ ಮರುಳಾಗಿ ಅವರು ಹೇಳಿದ ಬೆಲೆ ಕೊಟ್ಟೆ. ಮನೆಗೆ ಬಂದು ನೋಡಿದರೆ ಪೆನ್ ಡ್ರೈವ್ ಚುಚ್ಚಲು ಜಾಗವೇ ಇಲ್ಲ! ಅದಕ್ಕೊಂದು ಅಡಾಪ್ಟರಿನ ಬಾಲ ಬೇರೆ ಕೊಳ್ಳಬೇಕಂತೆ. ಕೊಡ ಮಾರಿ ಕೊಡದ ಬಾಯಿಗೆ ಬೇರೆ ದುಡ್ಡು ಕೇಳುವವರನ್ನು ನಾನು ಯಾವ ಸಂತೆಯಲ್ಲೂ ಕಂಡಿರಲಿಲ್ಲ.

ನಮ್ಮ ಅತ್ತೆ ಬೋರಾಮಣಿಯ ಕುರಿ ಸಾಕುವ ಮನೆತನದವರು, ಬಿರೋಬಾ ದೇವರ ಭಕ್ತೆ. ಮನೆಗೆ ಹೊಸದೇನು ಬಂದರೂ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಎರಚಲೇಬೇಕು. ಚಿಟಿಕೆಯಲ್ಲ, ಮುಷ್ಟಿ! ನಾನೋ ತೋರಿಸುವ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪನ್ನು ಪೂರ್ತಿ ತೆರೆದಿಟ್ಟಿದ್ದೆ. "ಬಿರೋಬಾನ ಹೆಸರಿಲೆ ಚಾಂಗಭಲೋ!" ಎಂದು ಜೈಕಾರ ಹಾಕಿ ಎರಚಿದರು ಅತ್ತೆ. ಕೀಲಿಮಣೆಯೆಲ್ಲ ಹಳದಿ. ನಾನು ನಕ್ಕು ಫೋಟೋ ಬೇರೆ ತೆಗೆದೆ.

ಮೂರು ತಿಂಗಳಿಗೆ ಅದು ಕಣ್ಣು ಮುಚ್ಚಿತು. ಅದೂ ಲಗ್ನದ ಸುಗ್ಗಿಯ ನಟ್ಟನಡುವೆ! ಅತ್ತೆಯನ್ನೂ ಕರೆದುಕೊಂಡು ಸೊಲ್ಲಾಪುರದ ಸರ್ವಿಸ್ ಸೆಂಟರಿಗೆ ಓಡಿದೆ. ಅಲ್ಲಿ ಟೋಕನ್, ತಂಪು ಗಾಳಿ, ಗೋಡೆ ತುಂಬ ನಗುವವರ ಚಿತ್ರಗಳು. ಟೈ ಕಟ್ಟಿದ ಯುವಕ ಲ್ಯಾಪ್‌ಟಾಪನ್ನು ತೆರೆದು ನೋಡಿ, "ಹಳದಿ ಬಿದ್ದದ ಮ್ಯಾಡಂ. ವಾರಂಟಿ ನಡ್ಯಂಗಿಲ್ರಿ" ಎಂದ. ಹೋಗಲಿ, ಕೀಲಿಮಣೆಯನ್ನಷ್ಟೇ ಬದಲಿಸಿ ಎಂದೆ. ಕೀಲಿಮಣೆ ಮೇಲಿನ ತಗಡಿಗೆ ಅಂಟಿದೆ, ಬ್ಯಾಟರಿಯೂ ಅದಕ್ಕೇ ಅಂಟಿದೆ, ಎಲ್ಲವನ್ನೂ ಬದಲಿಸಬೇಕು ಎಂದ. ಅವನು ಬರೆದುಕೊಟ್ಟ ಖರ್ಚಿಗೆ ಇನ್ನು ಸ್ವಲ್ಪ ಸೇರಿಸಿದ್ದರೆ ಹೊಸದೇ ಬರುತ್ತಿತ್ತು.

ಅತ್ತೆ ಎದ್ದು ನಿಂತರು. "ತಮ್ಮಾ, ಬಾವಿ ಮೋಟರಿಗಿ ಹಾಕೀನಿ, ಟ್ರ್ಯಾಕ್ಟರಿಗಿ ಹಾಕೀನಿ, ಒಂದೂ ಕೆಟ್ಟಿಲ್ಲ. ಎಮ್ಮಿ ಕೋಡು ಮುರದ್ರ ಎಮ್ಮಿನೇ ಬದಲಿ ಮಾಡಂತೀರೇನು?"

ಟೋಕನ್ ಹಿಡಿದು ಕೂತವರೆಲ್ಲ ಗೊಳ್ಳೆಂದರು. ಒಬ್ಬಾತ ಚಪ್ಪಾಳೆಯನ್ನೂ ತಟ್ಟಿದ. ನನಗಂತೂ ಅತ್ತೆಯನ್ನು ಎತ್ತಿ ಕುಣಿಸುವಷ್ಟು ಖುಷಿ! ಆದರೆ ಯುವಕ ಜಗ್ಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಖರೇನ ನನ್ನ ಕೈಲಿಂದ ಕೆಟ್ಟಿತೇನ ತಂಗಿ?"

ಅಲ್ಲ ಎನ್ನಬಹುದಿತ್ತು. ನನ್ನ ತಲೆಯಲ್ಲಿ ಅರ್ಧಕ್ಕೆ ನಿಂತ ಪತ್ರಿಕೆಗಳು ಕುಣಿಯುತ್ತಿದ್ದವು. "ಹೂಂ ಮತ್ತ" ಎಂದುಬಿಟ್ಟೆ.

ಎರಡು ದಿನದ ಮೇಲೆ ನಮ್ಮ ಓಣಿಯ ಮೊಬೈಲ್ ರಿಪೇರಿ ಚಾಚಾ ಅದನ್ನು ಬಿಚ್ಚಿದರು. "ಹಳದಿ ಮ್ಯಾಲೇ ಅದ ರಿ, ಒಳಗ ಒಂದು ಕಣ ಇಲ್ಲ. ಈ ಪಟ್ಟಿ ಮೊದಲಿಂದನೂ ಸರಿ ಕೂತಿಲ್ಲ. ಕಂಪನಿದೇ ಚೂಕ" ಎಂದು ಬೆರಳಿನಿಂದ ಒಂದು ತೆಳು ತಂತಿಪಟ್ಟಿಯನ್ನು ಒತ್ತಿದರು. ಲ್ಯಾಪ್‌ಟಾಪ್ ಕಣ್ಣು ಬಿಟ್ಟಿತು! ಓಡೋಡಿ ಬಂದು ಲ್ಯಾಪ್‌ಟಾಪ್ ಸರಿಯಾಯಿತು ಎಂದಷ್ಟೇ ಅತ್ತೆಗೆ ಹೇಳಿದೆ. "ಚಲೋ ಆತು" ಎಂದರು, ಅಷ್ಟೇ. ಮುಂದೆ ಮೈದುನ ಹೊಸ ಗಾಡಿ ತಂದಾಗ ಅತ್ತೆ ದೂರದಿಂದಲೇ ಕೈ ಮುಗಿದರು. ನಾಲ್ಕು ವರ್ಷವಾಯಿತು, ಯಾವ ಯಂತ್ರದ ಮೇಲೂ ಅವರ ಕೈ ಏಳಲಿಲ್ಲ. ಕಂಪನಿಯನ್ನು ನಾನು ಊರೆಲ್ಲ ಬೈದುಕೊಂಡು ತಿರುಗಿದೆ, ನನ್ನ "ಹೂಂ" ಬಗ್ಗೆ ಮಾತ್ರ ಎಲ್ಲೂ ಬಾಯಿ ಬಿಡಲಿಲ್ಲ.

ಇವತ್ತೂ ಅತ್ತೆ ಹೊಸ್ತಿಲ ಆಚೆಯೇ ನಿಂತಿದ್ದರು. ನಾನು ಭಂಡಾರದ ಚೀಲ ತಂದು ಅವರ ಕೈಗಿಟ್ಟೆ, ಹೊಸ ಲ್ಯಾಪ್‌ಟಾಪನ್ನು ಪೂರ್ತಿ ತೆರೆದೆ.

"ಹಾಕ್ರಿ ಅತ್ತಿ. ಅವತ್ತ ನಿಮ್ಮ ಕೈಲಿಂದ ಕೆಟ್ಟಿರಲಿಲ್ಲ. ನಾ ಸುಳ್ಳ ಅಂದಿದ್ದೆ."

ಅತ್ತೆ ನನ್ನನ್ನೇ ನೋಡಿದರು. ಒಳಗೆ ಬಂದು ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ಮುಷ್ಟಿ ತುಂಬ ಭಂಡಾರ ತೆಗೆದು ನನ್ನ ಹಣೆಗೆ, ಕೆನ್ನೆಗೆ, ನೆತ್ತಿಗೆ ಬಳಿದರು.

"ಅದು ಕೆಟ್ರ ಇನ್ನೊಂದು ಬರ್ತದ," ಎಂದರು.